ಪಂಡಿತೆ ರಮಾಬಾಯಿಯವರ ಉಪಕಾರಸ್ಮರಣೆ

ದೇವರು ಮಾಡಿದ ಉಪಕಾರಗಳನ್ನು ಮರೆಯಬಾರದೆಂದು ನಾವು ತರಗತಿಗಳಲ್ಲಿ ಅನೇಕಾವರ್ತಿ ಬೋಧಿಸಿದ್ದೇವೆ. ಆದರೆ ಸ್ಮರಣೆಯು ಬಾಯಿಯ ಸ್ತೋತ್ರದಲ್ಲಿಯೇ ಮುಗಿಯತಕ್ಕದ್ದಲ್ಲವೆಂಬುದಕ್ಕೆ ಪಂಡಿತೆ ರಮಾಬಾಯಿಯವರ ಜೀವಿತವು ಸಾಕ್ಷಿಯಾಗಿದೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರ ಮತ್ತು ಹೆತ್ತವರ ಮುಂದೆ ಆ ಚರಿತ್ರೆಯನ್ನು ಸಂಕ್ಷೇಪವಾಗಿ ಇಡುತ್ತೇವೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ನಮ್ಮ ಕನ್ನಡನಾಡಿನ ಸಹ್ಯಾದ್ರಿಯಲ್ಲಿ, ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಕೂಡದೆಂಬ ಪದ್ಧತಿಯನ್ನು ಮೀರಿ ಪತ್ನಿ ಲಕ್ಷ್ಮೀಬಾಯಿಯವರಿಗೆ ವಿದ್ಯೆಯನ್ನು ಕೊಟ್ಟರು; ಆ ತಾಯಿಯು ಮಗಳಿಗೆ ಕಲಿಸಿದರು. ಪುರಾಣ ಹೇಳುತ್ತ ಊರೂರು ತಿರುಗುತ್ತಿದ್ದ ಆ ಕುಟುಂಬವು ಕ್ಷಾಮಕ್ಕೆ ಸಿಕ್ಕಿತು. 1874ರಲ್ಲಿ ತಂದೆತಾಯಿಗಳು ಹಸಿವಿನಿಂದ ಬಳಲಿ ತೀರಿಹೋದರು. ಬಳಿಕ ಅಕ್ಕನೂ ಮೃತಳಾದಳು. ರಮಾಬಾಯಿಯವರೂ ಅಣ್ಣ ಶ್ರೀನಿವಾಸರೂ ಕಾಲ್ನಡೆಯಿಂದ ದೇಶವನ್ನು ಅಲೆದರು. ಝೇಲಂ ನದಿಯ ದಡದಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಗುಳಿ ತೋಡಿ ಮೈಮೇಲೆ ಮರಳನ್ನೇ ಎಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಪಾಂಡಿತ್ಯವನ್ನು ಪರೀಕ್ಷಿಸಿ ‘ಪಂಡಿತೆ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಎರಡು ವರುಷಗಳಲ್ಲಿ ಅಣ್ಣನು ತೀರಿಹೋದನು. 1880ರಲ್ಲಿ ವಿವಾಹವಾಯಿತು; 1882ರಲ್ಲಿ ಪತಿಯೂ ಗತಿಸಲು, ಕೂಸಾದ ಮನೋರಮೆಯೊಂದಿಗೆ ಅವರು ವಿಧವೆಯಾಗಿ ಉಳಿದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಆದರೂ ತಾನು ಕ್ರೈಸ್ತಮತವನ್ನು ಸ್ವೀಕರಿಸಿದೆನೇ ಹೊರತು ಕ್ರಿಸ್ತನನ್ನೇ ಇನ್ನೂ ಕಂಡುಕೊಂಡಿಲ್ಲವೆಂಬ ಅರಿವು ಅವರಿಗೆ ಕೆಲವು ವರುಷಗಳ ಮೇಲೆ ಉಂಟಾಯಿತು. ಅಂದಿನಿಂದ ಅವರ ವಿಶ್ವಾಸವು ಬೇರೂರಿತು.

1889ರಲ್ಲಿ ಅವರು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರುಷ ಅದನ್ನು ಪುಣೆಗೆ ಸಾಗಿಸಿದರು. 1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವೆಂಬ ವಾರ್ತೆ ಬಂದಾಗ, ಇಪ್ಪತ್ತು ವರುಷಗಳ ಹಿಂದಿನ ತಮ್ಮ ಹಸಿವು ಅವರ ಕಣ್ಣೆದುರಿಗೆ ನಿಂತಿತು. ಆಗ ತಮ್ಮನ್ನು ಉಳಿಸಿದ ದೇವರು ಈಗ ಸುಮ್ಮನೆ ಕುಳಿತಿರಲು ಉಳಿಸಲಿಲ್ಲವೆಂದು ಅವರು ತಿಳಿದರು. ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ ತಾವೇ ಹೊರಟುಹೋಗಿ, ಅನಾಥೆಯರಾದ ಹೆಣ್ಣುಮಕ್ಕಳನ್ನು ಕರೆತಂದರು. ಆ ಮಕ್ಕಳ ಸಂಖ್ಯೆಯು ಸುಮಾರು 300ಕ್ಕೆ ಏರಿತು. ಪುಣೆಗೆ ಸಮೀಪದ ಕೇಡಗಾಂವಿಯಲ್ಲಿ ಅವರಿಗೋಸ್ಕರ ಮುಕ್ತಿ ಸದನವು ಸ್ಥಾಪಿತವಾಯಿತು. ಅಲ್ಲಿ ಬಾಲಿಕೆಯರು ಓದುಬರಹದೊಂದಿಗೆ ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನೂ ಕಲಿತರು. ನಮ್ಮ ಕಲಬುರಗಿಯಲ್ಲಿಯೂ ಅವರೂ ಮನೋರಮೆಯವರೂ ಒಂದು ಶಾಲೆಯನ್ನು ಏರ್ಪಡಿಸಿದರು.

1907ರಲ್ಲಿ ರಮಾಬಾಯಿಯವರು ತಮ್ಮ ಸಾಕ್ಷಿಯನ್ನು ಬರೆದು ಪ್ರಕಟಿಸಿದರು. ಅದರಲ್ಲಿ ಹಸಿವನ್ನಾಗಲಿ, ಮರಳಿನ ಗುಳಿಯನ್ನಾಗಲಿ, ತಮ್ಮ ಸಂದೇಹಗಳನ್ನಾಗಲಿ ಮರೆಮಾಡಲಿಲ್ಲ. ಎಲ್ಲದರ ನಡುವೆ ತಮ್ಮನ್ನು ನಡಿಸಿದ ದೇವರ ಹಸ್ತವನ್ನು ತೋರಿಸಿದರು. ಓದುಬರಹ ಹೆಚ್ಚು ತಿಳಿಯದ ಸ್ತ್ರೀಯರಿಗೂ ಅರ್ಥವಾಗಲೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಿರುಗಿಸಿದರು. 1921ರಲ್ಲಿ ಮಗಳನ್ನು ಕಳೆದುಕೊಂಡ ದುಃಖದಲ್ಲಿಯೂ ಆ ಕೆಲಸವನ್ನು ಬಿಡದೆ ಮುಗಿಸಿ, 1922ನೆಯ ಏಪ್ರಿಲ್ 5ರಂದು ಪ್ರಭುವಿನಲ್ಲಿ ನಿದ್ರೆಹೋದರು.

ಪ್ರಿಯ ಸಹೋದರಿಯರೇ, ನಮ್ಮಲ್ಲಿ ಅನೇಕರು ಶುಲ್ಕಕ್ಕೆ ಹಣವಿಲ್ಲದ ಮನೆಗಳಿಂದ ಈ ಶಾಲೆಯ ಬಾಗಿಲಿಗೆ ಬಂದವರು. ಈಗ ಸುಖವಾಗಿರುವಾಗ ಅದನ್ನು ಹೇಳಿಕೊಳ್ಳಲು ನಾಚುತ್ತೇವೆ. ನಾಚದಿರೋಣ. ದೇವರು ನಮ್ಮನ್ನು ನಡಿಸಿದ ಬಗೆಯನ್ನು ನಮ್ಮ ಮಕ್ಕಳಿಗೆ ಬಿಚ್ಚಿ ಹೇಳೋಣ. ನಮ್ಮ ನೆರೆಯಲ್ಲಿ ಓದಲು ಗತಿಯಿಲ್ಲದ ಒಬ್ಬ ಹುಡುಗಿಯಿದ್ದರೆ, ಅವಳ ಕೈಹಿಡಿದು ಶಾಲೆಗೆ ಕರೆತರೋಣ. ರಮಾಬಾಯಿಯವರು ದೇವರ ಉಪಕಾರವನ್ನು ನೆನಸಿದ್ದು ಹಾಗೆಯೇ.