ಬಾಯಿ ಕ್ಯಾನ್ಸರಿನ ಬೆನ್ನುಹತ್ತಿದ ಡಾ. ಖಾನೋಲ್ಕರ್

ಬೆಳಗಾವಿ: ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಸಂಸ್ಥಾನವಾಗಿದ್ದ ರಾಮದುರ್ಗವೂ 1948ರಲ್ಲಿ ಅದನ್ನೇ ಸೇರಿತು. ಆ ಪ್ರಾಂತ್ಯದ ರಾಜಧಾನಿಯಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಾಲಯಗಳನ್ನು ಕಟ್ಟಿ ಬೆಳೆಸಿದವರು ಡಾ. ವಸಂತ ರಾಮಜಿ ಖಾನೋಲ್ಕರ್.

1895ರಲ್ಲಿ ಜನಿಸಿದ ಅವರು 1923ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ರೋಗಶಾಸ್ತ್ರದಲ್ಲಿ ಎಂ.ಡಿ. ಪಡೆದರು. 1944ರಲ್ಲಿ 1,000 ಬಾಯಿ ಕ್ಯಾನ್ಸರ್ ಪ್ರಕರಣಗಳ ಅಧ್ಯಯನ ಪ್ರಕಟಿಸಿದರು. ಬಾಯಿಯ ಒಳಪೊರೆಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಈ ಸ್ಕ್ವಾಮಸ್ ಕ್ಯಾನ್ಸರಿಗೂ ಎಲೆ-ಅಡಿಕೆ, ತಂಬಾಕಿನ ಚಟಕ್ಕೂ ಇರುವ ನಂಟನ್ನು ಅವರು ಶೋಧಿಸಿದರು. ನಿಪ್ಪಾಣಿಯ ತಂಬಾಕಿಗೆ ಹೆಸರಾದ ನಮ್ಮ ಜಿಲ್ಲೆಗೆ ಇದೇನೂ ಹಿತವಾದ ಸುದ್ದಿಯಲ್ಲ. ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರಾದ ಖಾನೋಲ್ಕರ್ 1978ರಲ್ಲಿ ನಿಧನರಾದರು.

ಅವರ ಸೂಕ್ಷ್ಮದರ್ಶಕಕ್ಕೆ ಎಟುಕದ ಸಂಗತಿಯೊಂದು 2003ರಲ್ಲಿ ಬೆಳಕಿಗೆ ಬಂತು. ನಟ್ ಕಾರ್ಸಿನೋಮ ಎಂಬ ಅಪರೂಪದ, ಉಗ್ರ ಕ್ಯಾನ್ಸರ್ ನೋಟಕ್ಕೆ ಸ್ಕ್ವಾಮಸ್ ಗಡ್ಡೆಯಂತೆಯೇ ಇರಬಲ್ಲದು. ಆದರೆ ಅದಕ್ಕೆ ತಂಬಾಕು ಬೇಕಿಲ್ಲ. 15ನೇ ವರ್ಣತಂತುವಿನ ನಟ್ ಜೀನ್ ತುಂಡಾಗಿ, ಹೆಚ್ಚಿನವರಲ್ಲಿ 19ನೆಯದರ ಬಿಆರ್‌ಡಿ4 ಜೀನಿಗೆ ಬೆಸೆದುಕೊಳ್ಳುವುದೇ ಅದರ ಮೂಲ. ಚಟವಿಲ್ಲದ ಎಳೆಯರನ್ನೂ ಅದು ಬಿಟ್ಟಿಲ್ಲ. ಅನೇಕರು ಬದುಕುವುದು ಕೆಲವೇ ತಿಂಗಳು. ನಟ್ ಪ್ರೋಟೀನ್ ಪತ್ತೆಹಚ್ಚುವ ಪರೀಕ್ಷೆ ನಡೆಸದಿದ್ದರೆ ವರದಿಯಲ್ಲಿ ಅದು ಸಾಮಾನ್ಯ ಸ್ಕ್ವಾಮಸ್ ಕ್ಯಾನ್ಸರ್ ಎಂದೇ ದಾಖಲಾಗುವ ಸಂಭವವಿದೆ.