ಡಾಕ್ಟರ್ ಗೋವಿಂದಸ್ವಾಮಿಯವರು

1904ರಲ್ಲಿ ಜನಿಸಿದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಪಾಶ್ಚಾತ್ಯ ಮನೋವೈದ್ಯದಲ್ಲಿ ಪರಿಣತರಾಗಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಾಧಿಕಾರಿಗಳಾದರು. 1954ರಲ್ಲಿ ಅಲ್ಲಿಯೇ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ, ಎಂದರೆ ಇಂದಿನ ನಿಮ್ಹಾನ್ಸಿಗೆ, ಅವರೇ ಪ್ರಥಮ ನಿರ್ದೇಶಕರು.

ಚರಕಸಂಹಿತೆಯು ವಿಷಾದವನ್ನು ವಾತಜನ್ಯವಾದ 80 ವಿಕಾರಗಳಲ್ಲಿ ಎಣಿಸಿದೆ. ಔಷಧ ಪಥ್ಯಗಳೊಡನೆ ಸತ್ತ್ವಾವಜಯವನ್ನೂ, ಅಹಿತವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವ ಕ್ರಮವನ್ನೂ, ಚಿಕಿತ್ಸೆಯೆಂದೇ ಗಣಿಸಿದೆ. ಈ ಶಾಸ್ತ್ರವನ್ನು ಕೇವಲ ಪೂಜಿಸುವುದೂ ತರವಲ್ಲ, ಪರೀಕ್ಷಿಸದೆ ಹಳಿಯುವುದೂ ತರವಲ್ಲ. ಗೋವಿಂದಸ್ವಾಮಿಯವರ ಕಾಲದಲ್ಲಿಯೇ, 1959ರಲ್ಲಿ, ಸಂಸ್ಥೆಯೊಳಗೆ ಆಯುರ್ವೇದ ಸಂಶೋಧನೆಗೆ ಎಡೆ ದೊರೆಯಿತು. 1961ರಲ್ಲಿ ಅವರು ದಿವಂಗತರಾದರು.

ಕೋಲಾರ ಸೀಮೆಯ ಬೈರಕೂರಿನಲ್ಲಾಗಲಿ ರಾಜಧಾನಿಯಲ್ಲಾಗಲಿ, ಮಂಕು ಕವಿದು ಕುಳಿತವನನ್ನು ಸೋಮಾರಿಯೆಂದು ಜರೆಯುವವರಿಗೆ ನಾವು ಹೇಳುವುದಿಷ್ಟೆ: ಅದು ದೋಷವಲ್ಲ, ರೋಗ. ಅವನನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದೇ ಆ ಮಹನೀಯರಿಗೆ ಸಲ್ಲುವ ನಿಜವಾದ ಗೌರವ.