ಮಕ್ಕಳ ನ್ಯಾಯಪೀಠದೆದುರು ನಿಂತ ಗುರು: ಯಾನುಷ್ ಕೊರ್ಚಾಕ್

ಅನ್ನವಿಕ್ಕಿ ಅಕ್ಷರ ಕಲಿಸಿದವನು ಮಗುವಿಗೆ ಮಹೋಪಕಾರ ಮಾಡಿದನೆಂದು ಲೋಕವು ಭಾವಿಸುತ್ತದೆ. ಉಪಕಾರ ಮಾಡಿದ ಕೈಗೆ ಹೊಡೆಯುವ ಅಧಿಕಾರವೂ ಉಂಟೆಂದು ಅದೇ ಲೋಕವು ನಂಬುತ್ತ ಬಂದಿದೆ. ಈ ನಂಬಿಕೆಯನ್ನು ತಮ್ಮ ಬಾಳಿನಿಂದಲೇ ಪ್ರಶ್ನಿಸಿದ ಮಹನೀಯರಲ್ಲಿ ಪೋಲೆಂಡ್ ದೇಶದ ವೈದ್ಯರೂ ಸಾಹಿತಿಗಳೂ ಶಿಕ್ಷಣವೇತ್ತರೂ ಆದ ಯಾನುಷ್ ಕೊರ್ಚಾಕರು ಅಗ್ರಗಣ್ಯರು.

ಅವರ ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಷ್ಮಿತ್. ಆಗ ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದ ಸುಸ್ಥಿತಿಯ ಯಹೂದಿ ಮನೆತನವೊಂದರಲ್ಲಿ ಜುಲೈ 22ರಂದು ಜನಿಸಿದರು. ತಂದೆಯವರು ಜನನವನ್ನು ಸಕಾಲದಲ್ಲಿ ದಾಖಲಿಸದ ಕಾರಣ ಜನ್ಮವರ್ಷವನ್ನು 1878 ಎಂದೂ 1879 ಎಂದೂ ಹೇಳುವುದುಂಟು. ನ್ಯಾಯವಾದಿಗಳಾಗಿದ್ದ ತಂದೆಯವರು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು 1896ರಲ್ಲಿ ತೀರಿಕೊಂಡರು. ಸಂಪತ್ತು ಕರಗಿತು. ವಿದ್ಯಾರ್ಥಿಯಾಗಿದ್ದ ಹೆನ್ರಿಕ್ ಮನೆಪಾಠ ಹೇಳಿ ಸಂಸಾರಕ್ಕೆ ನೆರವಾದರು. 1898ರಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದರು. ಅದೇ ವರ್ಷ ಒಂದು ಸಾಹಿತ್ಯಸ್ಪರ್ಧೆಗಾಗಿ ಯಾನುಷ್ ಕೊರ್ಚಾಕ್ ಎಂಬ ಕಾವ್ಯನಾಮವನ್ನು ತಳೆದರು. ಲೋಕವು ಅವರನ್ನು ಗುರುತಿಸಿದುದು ಆ ಹೆಸರಿನಿಂದಲೇ.

1905ರಲ್ಲಿ ಪದವೀಧರರಾದ ಬಳಿಕ ರಷ್ಯ-ಜಪಾನ್ ಯುದ್ಧರಂಗದಲ್ಲಿ ವೈದ್ಯಸೇವೆ ಸಲ್ಲಿಸಿ, ವಾರ್ಸಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದರು. ಔಷಧವು ರೋಗವನ್ನು ನೀಗಬಲ್ಲುದೇ ಹೊರತು, ಗುಣವಾದ ಮಗುವು ಮರಳಿ ಹೋಗಬೇಕಾದ ಮನೆಯ ಹಸಿವನ್ನೂ ಅನಾದರವನ್ನೂ ನೀಗಲಾರದೆಂಬ ಅರಿವು ಅವರಲ್ಲಿ ಬೇರೂರಿತು. 1912ರಲ್ಲಿ ಕ್ರೋಖ್ಮಾಲ್ನಾ ಬೀದಿಯಲ್ಲಿ ಯಹೂದಿ ಅನಾಥಮಕ್ಕಳ ನಿಲಯವು ತೆರೆದಾಗ ಅದರ ಹೊಣೆಯನ್ನು ಹೊತ್ತರು. ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಸಾಧ್ವಿಯು ಕಡೆಯುಸಿರಿನವರೆಗೂ ಅವರ ಸಹಾಯಕಿಯಾಗಿದ್ದರು. ಕೊರ್ಚಾಕರು ಮದುವೆಯಾಗಲಿಲ್ಲ, ನಿಲಯದ ಮಕ್ಕಳೇ ಅವರ ಮಕ್ಕಳಾದರು.

ವೈದ್ಯರ ಕಣ್ಣನ್ನು ಅವರು ಶಿಕ್ಷಕರಾದ ಮೇಲೂ ಬಿಡಲಿಲ್ಲ. ಜ್ವರ, ಕೆಮ್ಮುಗಳನ್ನು ವೈದ್ಯನು ಓದುವಂತೆ ಮಗುವಿನ ಕಣ್ಣೀರನ್ನೂ ನಾಚಿಕೆಯನ್ನೂ ನಗೆಯನ್ನೂ ಉಪಾಧ್ಯಾಯನು ಓದಬೇಕೆಂಬುದು ಅವರ ಮತ. ಮಗುವನ್ನು ಹಠಮಾರಿಯೆಂದೋ ಮೈಗಳ್ಳನೆಂದೋ ಕರೆದುಬಿಟ್ಟರೆ ನೋಟವು ಅಲ್ಲಿಗೇ ನಿಲ್ಲುತ್ತದೆ. ಆ ಹಠದ ಹಿಂದಿರುವ ನೋವು ಕಾಣದೆ ಉಳಿಯುತ್ತದೆ. ಅದಕ್ಕಾಗಿ ಅವರು ಮಕ್ಕಳ ತೂಕವನ್ನು ವಾರವಾರವೂ ಪರೀಕ್ಷಿಸಿ ಬರೆದಿಡುತ್ತಿದ್ದರು. ನಿದ್ರಿಸುವ ಮಕ್ಕಳನ್ನೂ ಗಮನಿಸುತ್ತಿದ್ದರು. ಬಾಯಿಬಿಟ್ಟು ಹೇಳಲಾರದ್ದನ್ನು ಬರೆದು ಹಾಕಲೆಂದು ನಿಲಯದಲ್ಲಿ ಒಂದು ಅಂಚೆಪೆಟ್ಟಿಗೆಯನ್ನು ಇರಿಸಿದ್ದರು. ಒಮ್ಮೆ ಶಿಕ್ಷಕ ವಿದ್ಯಾರ್ಥಿಗಳನ್ನು ಕ್ಷಕಿರಣದ ಕೋಣೆಗೆ ಕರೆದೊಯ್ದು, ಅಪರಿಚಿತರ ನಡುವೆ ಅಂಜಿ ನಿಂತ ಬಾಲಕನೊಬ್ಬನ ಹೃದಯವು ಡವಡವನೆ ಬಡಿದುಕೊಳ್ಳುವುದನ್ನು ಪರದೆಯ ಮೇಲೆ ತೋರಿಸಿ, ಮಗುವಿನ ಮೇಲೆ ಕೈಯೆತ್ತುವ ಮುನ್ನ ಈ ದೃಶ್ಯವನ್ನು ನೆನೆಯಬೇಕೆಂದು ತಿಳಿಸಿದುದನ್ನು ಅವರ ಶಿಷ್ಯವರ್ಗವು ಮರೆಯಲಿಲ್ಲ.

ಆದರೆ ಹಿರಿಯರ ಕರುಣೆಯೊಂದನ್ನೇ ನಂಬಿ ಮಗುವನ್ನು ಬಿಡಲು ಅವರಿಗೆ ಮನಸ್ಸೊಪ್ಪಲಿಲ್ಲ. ನಿಲಯದಲ್ಲಿ ಮಕ್ಕಳದೇ ಆದ ನ್ಯಾಯಾಲಯವನ್ನು ಸ್ಥಾಪಿಸಿದರು. ಆ ವಾರ ತಮ್ಮ ಮೇಲೆ ದೂರಿಲ್ಲದ ಮಕ್ಕಳಲ್ಲಿ ಚೀಟಿಯೆತ್ತಿ ಐವರು ನ್ಯಾಯಾಧೀಶರನ್ನು ಆರಿಸಲಾಗುತ್ತಿತ್ತು. ಅದರ ನಿಯಮಾವಳಿಯಲ್ಲಿ ಶಿಕ್ಷೆಗಿಂತ ಕ್ಷಮೆಗೇ ಹೆಚ್ಚಿನ ಸ್ಥಾನ. ಗುರುಗಳ ಮೇಲೂ ದೂರು ಕೊಡಬಹುದಾಗಿತ್ತು. ಅರ್ಧವರ್ಷದ ಅವಧಿಯಲ್ಲಿ ಕೊರ್ಚಾಕರು ತಾವೇ ಐದು ಸಲ ತಮ್ಮನ್ನು ಆ ಪೀಠಕ್ಕೆ ಒಪ್ಪಿಸಿಕೊಂಡರು. ಒಬ್ಬ ಹುಡುಗನ ಕಿವಿಗೆ ಹೊಡೆದುದು, ಒಬ್ಬನನ್ನು ಮಲಗುವ ಕೋಣೆಯಿಂದ ಹೊರಗಟ್ಟಿದುದು, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದುದು, ನ್ಯಾಯಾಧೀಶನಾಗಿದ್ದ ಮಗುವನ್ನು ಅವಮಾನಿಸಿದುದು, ಒಬ್ಬ ಹುಡುಗಿಯನ್ನು ಕಳವಿಗಾಗಿ ಶಂಕಿಸಿದುದು: ಇವೇ ಆ ಐದು ಅಪರಾಧಗಳು. ಇವುಗಳನ್ನು ಅವರು ತಮ್ಮ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಮಕ್ಕಳನ್ನು ಅಷ್ಟೊಂದು ಪ್ರೀತಿಸಿದವರಿಗೂ ಕೈ ತಪ್ಪಿತು. ಆದರೆ ತಪ್ಪಿದ ಕೈಯನ್ನು ಅವರು ಮರೆಮಾಡಲಿಲ್ಲ. ಅವರ ಹಿರಿಮೆಯ ತಿರುಳು ಇದು. ಅಧಿಕಾರವುಳ್ಳವನು ತಾನೂ ಉತ್ತರವಾದಿಯೆಂದು ಒಪ್ಪಿದ ಮನೆಯಲ್ಲಿ ಹಿಂಸೆಗೆ ಅಡಗಲು ಎಡೆಯಿರುವುದಿಲ್ಲ.

1923ರಲ್ಲಿ ಪ್ರಕಟವಾದ, ಬಾಲರಾಜನೊಬ್ಬನ ಕಥೆಯು ಅವರಿಗೆ ವ್ಯಾಪಕ ಕೀರ್ತಿಯನ್ನು ತಂದಿತು. 1926ರಲ್ಲಿ ಮಕ್ಕಳೇ ಬರೆಯುವ ವಾರಪತ್ರಿಕೆಯನ್ನು ಹೊರಡಿಸಿದರು. 1924ರ ಜಿನೀವಾ ಘೋಷಣೆಯು ಮಕ್ಕಳ ಪರವಾಗಿ ಬೇಡಿಕೊಳ್ಳುತ್ತದೆಯೇ ಹೊರತು ಹಕ್ಕನ್ನು ಕೇಳುವುದಿಲ್ಲವೆಂದು 1929ರ ಕೃತಿಯಲ್ಲಿ ನಿಷ್ಠುರವಾಗಿ ಆಕ್ಷೇಪಿಸಿದರು.

1939ರಲ್ಲಿ ಜರ್ಮನಿಯು ಪೋಲೆಂಡನ್ನು ಆಕ್ರಮಿಸಿತು. 1940ರ ನವೆಂಬರಿನಲ್ಲಿ ನಿಲಯವು ಯಹೂದಿಗಳನ್ನು ಕೂಡಿಹಾಕಿದ ಗೋಡೆಯೊಳಗಿನ ಕೇರಿಗೆ ಸಾಗಬೇಕಾಯಿತು. ಹಸಿವು, ರೋಗ, ಸಾವುಗಳ ನಡುವೆ ವೃದ್ಧ ವೈದ್ಯರು ಮನೆಮನೆಗೆ ಅಲೆದು ಮಕ್ಕಳಿಗಾಗಿ ಆಹಾರವನ್ನು ಬೇಡಿ ತಂದರು. 1942ರ ಜುಲೈ 18ರಂದು ನಿಲಯದ ಮಕ್ಕಳು ಅಭಿನಯಿಸಿದ ನಾಟಕವು ನಮ್ಮ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ಎಂಬುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ. ಕೋಣೆಯೊಳಗೆ ಬಂದಿಯಾಗಿ ಮರಣದತ್ತ ಸಾಗುವ ಬಾಲಕನ ಆ ಕಥೆಯನ್ನು ಆಡಿದ ಮಕ್ಕಳಿಗೆ ಉಳಿದಿದ್ದುದು ಕೆಲವೇ ದಿನಗಳು. ಆಗಸ್ಟ್ ತಿಂಗಳ ಆದಿಯಲ್ಲಿ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ಮರಣಶಿಬಿರಕ್ಕೆ ಒಯ್ಯಲಾಯಿತು. ತಪ್ಪಿಸಿಕೊಳ್ಳುವ ಅವಕಾಶವನ್ನು ಮಿತ್ರರು ಒದಗಿಸಿದ್ದರೂ ಕೊರ್ಚಾಕರು ಒಲ್ಲೆನೆಂದರು. ಸ್ಟೆಫಾನಿಯಾ ಮತ್ತು ಇತರ ಸೇವಕವರ್ಗದೊಡನೆ ಮಕ್ಕಳ ಜೊತೆಯಲ್ಲೇ ನಡೆದು ಹೋದರು. ಯಾರೂ ಮರಳಲಿಲ್ಲ.

ಅವರ ಚಿಂತನೆ ಅಳಿಯಲಿಲ್ಲ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1978ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟುದು ಅವರ ಪೋಲೆಂಡ್ ದೇಶವೇ. ಅದು 1989ರಲ್ಲಿ ಅಂಗೀಕೃತವಾಯಿತು; ಭಾರತವು 1992ರಲ್ಲಿ ಒಪ್ಪಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಕಾಯಿದೆಯಂತೆ ಪ್ರತಿಯೊಬ್ಬರ ಕರ್ತವ್ಯ.

ತಾಯಿತಂದೆಗಳನ್ನು ಅಗಲಿ ಬಂದ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಸುವ ಪ್ರಸಾದನಿಲಯಗಳಿಗೆ ಈ ಚರಿತೆಯು ಪರಕೀಯವಲ್ಲ. ದಾಸೋಹವೆಂದರೆ ನೀಡುವವನು ತಾನು ದಾಸನೆಂದು ಅರಿಯುವುದು. ಮಗುವಿನ ದೂರಿಗೆ ಕಿವಿಗೊಟ್ಟು, ತನ್ನ ತಪ್ಪಿಗೆ ಮಗುವಿನೆದುರು ತಲೆಬಾಗಿದ ಕೊರ್ಚಾಕರು ಆ ಅರ್ಥವನ್ನು ಬದುಕಿ ತೋರಿಸಿದರು.